ಕಾನೂನು ಸಲಹೆ: ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಪಾಲೂ ಇಲ್ಲವೇ?

ಪ್ರಶ್ನೆ: ತಾತನಿಗೆ ಹಿರಿಯರಿಂದ ಬಂದ 6 ಎಕರೆ ಜಮೀನು, ಒಂದು ಮನೆ ಇದೆ. ಪಾಲು ಆಗಿಲ್ಲ. ತಾತ, ತಂದೆ ಇಬ್ಬರೂ ತೀರಿಕೊಂಡಿದ್ದಾರೆ. ದೊಡ್ಡಪ್ಪ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ ಪಹಣಿಗೆ ತಮ್ಮೊಬ್ಬರ ಹೆಸರನ್ನೇ ಏರಿಸಿಕೊಂಡಿದ್ದಾರೆ. ಈಗ ಮಾರಲು ಹೊರಟಿದ್ದಾರೆ. ಸೋದರತ್ತೆಯರಿಬ್ಬರು ತಮಗೇನೂ ಬೇಡ ಅನ್ನುತ್ತಾರೆ. ನಾನೇನು ಮಾಡಲಿ?

ಉತ್ತರ: ಪಹಣಿ, ಖಾತೆ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ) ಇವು ಕಂದಾಯದ ದಾಖಲೆಗಳು, ಒಡೆತನದ ಪತ್ರಗಳಲ್ಲ. ದೊಡ್ಡಪ್ಪನ ಹೆಸರು ಏರಿದ ಮಾತ್ರಕ್ಕೆ ನಿಮ್ಮ ತಂದೆಯ ಪಾಲು ಅಳಿಯುವುದಿಲ್ಲ. ಖಾತೆ ಬದಲಾವಣೆಯ ವಿರುದ್ಧ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಆದರೆ ಹಕ್ಕಿನ ತಕರಾರು ಕೊನೆಗೆ ಸಿವಿಲ್ ಕೋರ್ಟಿಗೇ ಬರುವುದರಿಂದ ಅದನ್ನೇ ನಂಬಿ ಕೂರಬೇಡಿ. ದಾರಿ ಒಂದೇ, ವಿಭಾಗದ ದಾವೆ, ಅಂದರೆ ಆಸ್ತಿ ಪಾಲು ಮಾಡಿಕೊಡಿ ಎಂದು ಕೋರ್ಟಿಗೆ ಹೋಗುವುದು.

ಮೊದಲು ಕಾಗದ ಕೂಡಿಸಿ: ವಂಶವೃಕ್ಷ, ತಾತ ಮತ್ತು ತಂದೆಯ ಮರಣ ಪ್ರಮಾಣಪತ್ರ, ಹಳೆಯ ಪಹಣಿ, ಪೌತಿ ಖಾತೆಯ ಮ್ಯುಟೇಶನ್ ನಕಲು, ಉಪನೋಂದಣಿ ಕಚೇರಿಯಿಂದ ಇಸಿ (ಋಣಭಾರ ಪ್ರಮಾಣಪತ್ರ). ಆಸ್ತಿ ತಾತನಿಗೆ ಹೇಗೆ ಬಂತು ಎಂಬುದಕ್ಕೆ ಪುರಾವೆ ಬೇಕೇ ಬೇಕು. ಅವರೇ ಕೊಂಡಿದ್ದಾದರೆ ಅದು ಸ್ವಯಾರ್ಜಿತ. ಉಯಿಲು ಬರೆದಿಟ್ಟಿದ್ದರೆ ಲೆಕ್ಕವೇ ಬದಲಾಗುತ್ತದೆ.

ಅತ್ತೆಯರು ಬಾಯಲ್ಲಿ ಬೇಡ ಎಂದರೆ ಸಾಲದು. ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡದಿದ್ದರೆ ಅವರನ್ನೂ ಪ್ರತಿವಾದಿಗಳಾಗಿ ಸೇರಿಸಿ. ಒಬ್ಬ ಪಾಲುದಾರರನ್ನು ಬಿಟ್ಟರೂ, ಮನೆಯನ್ನು ಬಿಟ್ಟು ಜಮೀನಿಗೆ ಮಾತ್ರ ದಾವೆ ಹೂಡಿದರೂ, ಅದೇ ಕಾರಣಕ್ಕೆ ದಾವೆ ಬಿದ್ದುಹೋದೀತು.

ಕೋರ್ಟ್ ಶುಲ್ಕದಲ್ಲಿ ಎಚ್ಚರ. ಜಂಟಿ ಸ್ವಾಧೀನದಲ್ಲಿದ್ದೀರಿ ಎಂದಾದರೆ ಕರ್ನಾಟಕದಲ್ಲಿ ಶುಲ್ಕ ಹೆಚ್ಚೆಂದರೆ 200 ರೂಪಾಯಿ. ನಿಮ್ಮನ್ನು ಹೊರಹಾಕಲಾಗಿದೆ ಎಂದು ನೀವೇ ಬರೆದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ. ಸಿಟ್ಟಿನಲ್ಲಿ ನೋಟಿಸಿಗೆ ಸೇರಿಸಿದ ಒಂದು ಸಾಲು ಇಲ್ಲಿ ದುಬಾರಿಯಾಗುತ್ತದೆ. ಹಾಗೆಂದು ಸುಳ್ಳು ಬರೆಯುವಂತಿಲ್ಲ. ಹೊರಹಾಕಿದ್ದಾರೆ ಎಂಬುದು ನಿಮಗೆ ತಿಳಿದ ದಿನದಿಂದ 12 ವರ್ಷದೊಳಗೆ ದಾವೆ ಹೂಡಬೇಕು.

ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳಿ, ಸಿಕ್ಕ ಕೂಡಲೇ ಪ್ರತಿಯನ್ನು ಉಪನೋಂದಣಾಧಿಕಾರಿಗೆ ಕೊಡಿ. ದಾವೆ ನಡೆಯುವಾಗ ಮಾರಿದರೂ ಕೊಂಡವರು ತೀರ್ಪಿಗೆ ಬದ್ಧರೇ.

ಪ್ರಾಥಮಿಕ ಡಿಕ್ರಿ ಬಂದಾಗ ಗೆದ್ದೆವೆಂದು ಸುಮ್ಮನಾಗುವವರು ಬಹಳ. ಅದು ಯಾರಿಗೆಷ್ಟು ಪಾಲು ಎಂದಷ್ಟೇ ಹೇಳುತ್ತದೆ. ಹದ್ದುಬಸ್ತು ಮಾಡಿ ಸ್ವಾಧೀನ ಪಡೆಯಲು ಅಂತಿಮ ಡಿಕ್ರಿಯ ಹಂತವೂ ಮುಗಿಯಬೇಕು: ಜಮೀನನ್ನು ಕಂದಾಯ ಇಲಾಖೆ ಅಳೆದು ಹಂಚುತ್ತದೆ, ಮನೆಗೆ ಕೋರ್ಟ್ ಕಮಿಷನರ್ ಬರುತ್ತಾರೆ.

ಪ್ರಶ್ನೆ: ನನ್ನ ಮದುವೆ 1990ರಲ್ಲಿ ಆಯಿತು, ತಂದೆ 2001ರಲ್ಲಿ ತೀರಿಕೊಂಡರು. ಪಿತ್ರಾರ್ಜಿತದಲ್ಲಿ ನನಗೆ ಹಕ್ಕಿಲ್ಲವೆಂದು ಅಣ್ಣಂದಿರು ಹೇಳುತ್ತಾರೆ. ನಿಜವೇ?

ಉತ್ತರ: ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಪಾಲುದಾರಳನ್ನಾಗಿಸಿದೆ. ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ವಿಭಾಗ ಆಗಿದ್ದರೆ ಮಾತ್ರ ಕಷ್ಟ. ‘ಬಾಯಿಮಾತಿನಲ್ಲಿ ಆಗಲೇ ಪಾಲಾಗಿತ್ತು’ ಎಂಬ ವಾದ ಸುಲಭಕ್ಕೆ ನಿಲ್ಲದು. ಅಣ್ಣಂದಿರು ತರುವ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರ ನೆರವಿಗೆ ಅರ್ಜಿ ಹಾಕಬಹುದು.