ಎಂಎ ಮಾಡಿದರೆ ಸಂಬಳ ಎಷ್ಟು ಜಾಸ್ತಿಯಾಗುತ್ತದೆ?

ಕಾಸರಗೋಡಿನಲ್ಲಿ ಬಿಎ ಕನ್ನಡ ಮುಗಿಸಿದ್ದೀರಿ, ಎಂಎ ಮಾಡಿದರೆ ಆದಾಯ ಏರುತ್ತದಾ ಎಂದು ಕೇಳಿದ್ದೀರಿ. ಹತ್ತು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯ್ತು.

ನಾನು ಎಂಎ ಮಾಡಿದೆ. ಚಿಕ್ಕಪ್ಪನ ಮಗಳು ಪ್ಲಸ್ ಟು ಆದ ಮೇಲೆ ಟಿಟಿಸಿಗೆ, ಅಂದರೆ ಪ್ರಾಥಮಿಕ ಶಾಲೆಯ ಟೀಚರ್ ತರಬೇತಿಗೆ ಸೇರಿದಳು (ಈಗ ಡಿಎಲ್‌ಎಡ್ ಅನ್ನುತ್ತಾರೆ). "ಇಷ್ಟು ಮಾರ್ಕ್ ತೆಗೆದು ಟಿಟಿಸಿಯಾ ಮಾರಾಯ್ತಿ?" ಎಂದು ಎಲ್ಲರೆದುರು ನಕ್ಕಿದ್ದೆ. ಅವಳೀಗ ಸರ್ಕಾರಿ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಮಾಧ್ಯಮದ ಟೀಚರ್. 2019ರ ಜುಲೈಯಿಂದ ಅನ್ವಯವಾದ ಕೇರಳದ ಸ್ಕೇಲಿನಲ್ಲಿ ಆ ಹುದ್ದೆಯ ಮೂಲ ವೇತನವೇ 35,600ರಿಂದ ಶುರು. ನನಗೆ ಟ್ಯೂಷನ್ ಸೆಂಟರಿನಲ್ಲಿ 9,000.

ನನ್ನ ತಪ್ಪು ಒಂದೇ. ಓದು ಅಂದರೆ ಏಣಿ, ಮೇಲೆ ಹತ್ತಿದವನಿಗೆ ಕೆಳಗಿನದೆಲ್ಲ ತಾನಾಗಿ ಸಿಗುತ್ತದೆ ಅಂದುಕೊಂಡಿದ್ದೆ. ಸಿಗುವುದಿಲ್ಲ. ಎಲ್‌ಪಿಗೆ ಡಿಎಲ್‌ಎಡ್ಡೇ ಬೇಕು, ಅಲ್ಲಿ ಎಂಎ ಲೆಕ್ಕಕ್ಕಿಲ್ಲ. ಹೈಸ್ಕೂಲಿಗೆ (ಅದೇ ಸ್ಕೇಲಿನಲ್ಲಿ 41,300) ಬಿಎ ಜೊತೆ ಬಿಎಡ್, ಕೆ-ಟೆಟ್ ಅನ್ನುವ ಟೀಚರ್ ಅರ್ಹತಾ ಪರೀಕ್ಷೆ. ಹೈಯರ್ ಸೆಕೆಂಡರಿಗೆ (55,200) ಎಂಎ ಸರಿ, ಆದರೆ ಬಿಎಡ್ಡೂ ಬೇಕು, ಸೆಟ್ ಅನ್ನುವ ರಾಜ್ಯದ ಅರ್ಹತಾ ಪರೀಕ್ಷೆಯೂ ಪಾಸಾಗಬೇಕು. ನನ್ನ ಹತ್ತಿರ ಬರೀ ಎಂಎ. ಕಾಲೇಜು ಕೆಲಸಕ್ಕೆ ಬೇಕಾದ ನೆಟ್ ಪರೀಕ್ಷೆ ಎರಡು ಸಲ ಬರೆದೆ, ಆಗಲಿಲ್ಲ.

ಕೊನೆಗೆ ಲಾಸ್ಟ್ ಗ್ರೇಡ್ (ಸರ್ಕಾರಿ ಕಚೇರಿಯ ಪ್ಯೂನ್ ಥರದ ಕೆಲಸ) ಆದರೂ ಆಗಲಿ ಎಂದು, ಆನ್‌ಲೈನ್ ಅರ್ಜಿ ಹಾಕಿಕೊಡುವ ಬದಿಯಡ್ಕದ ಅಕ್ಷಯ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಹುಡುಗ ಕೇರಳ ಪಿಎಸ್‌ಸಿಯ ನೇಮಕಾತಿ ಪ್ರಕಟಣೆಯ ಒಂದು ಸಾಲಿನ ಮೇಲೆ ಬೆರಳಿಟ್ಟ. "ಮಾಷ್ಟ್ರೆ, ಏಳನೇ ಕ್ಲಾಸ್ ಪಾಸಾದರೆ ಸಾಕು. ಆದರೆ ಡಿಗ್ರಿ ಇರಬಾರದು." 23,000ದ ಆ ಕೆಲಸಕ್ಕೆ ನಾನು ಜಾಸ್ತಿ ಓದಿದವ! ಹಿಂದೆ ಕ್ಯೂ ಇತ್ತು, ಸುಮ್ನೆ ಎದ್ದು ಬಂದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ, ಬೇಜಾರು ಮಾಡ್ಕೋಬೇಡಿ. ಸರಾಸರಿ ತೆಗೆದರೆ ಜಾಸ್ತಿ ಓದಿದವರ ಆದಾಯ ಜಾಸ್ತಿಯೇ. ಆದರೆ ಆ ಸರಾಸರಿಯೊಳಗೆ ನನ್ನ 9,000ವೂ ಇತ್ತಲ್ವಾ? ಮೊದಲು ಹುದ್ದೆ ಆರಿಸಿ, ಅದರ ಹಳೆಯ ಪ್ರಕಟಣೆ ತೆಗೆದು ಅರ್ಹತೆಯ ಭಾಗವನ್ನು ಅಕ್ಷರ ಬಿಡದೆ ಓದಿ. ಮಲಯಾಳ ಬಾರದಿದ್ದರೆ ಓದಿಸಿಕೊಳ್ಳಿ. ಮೇಷ್ಟ್ರ ಕೆಲಸವೇ ಬೇಕೆಂದರೆ ಈ ವರ್ಷ ಬಿಎಡ್ ಮಾಡಿ, ಎಂಎ ಆಮೇಲೆ ನೋಡೋಣ.

ನಾನು ಬಿಎಡ್‌ಗೆ ಸೇರಿದ್ದು 31ಕ್ಕೆ. ಫೀಸಿಗೆ ಕಡಿಮೆ ಬಿದ್ದ 15,000 ಕೊಟ್ಟವಳು ಅದೇ ತಂಗಿ. ಹಳೆಯ ಮಾತನ್ನು ಅವಳು ಎತ್ತಲಿಲ್ಲ. ಚಿಕ್ಕಮ್ಮ ಎತ್ತಿದರು.