ಪುತ್ಥಳಿಗೆ ಮೊದಲು ಆ ಮನೆಯ ಕಾಗದಪತ್ರ

ಮಾನ್ಯ ಮಾಸ್ತರರಿಗೆ ಶರಣು.

ರೋಣ ತಾಲ್ಲೂಕಿನ ನಿಮ್ಮ ಊರಿನಿಂದ ಬಂದ ಪತ್ರವನ್ನು ಸಂಪಾದಕ ಬಳಗದವರೆಲ್ಲ ಓದಿದೆವು. ಗಡಿಯಲ್ಲಿ ಕರ್ತವ್ಯದ ಮೇಲಿದ್ದಾಗ ಮಡಿದ ನಿಮ್ಮೂರ ಯೋಧನ ಹೆಸರಿನಲ್ಲಿ ಸ್ಮಾರಕ ಸಮಿತಿ ವಂತಿಗೆ ಕೂಡಿಸಿದೆ. ಬಸ್ ನಿಲ್ದಾಣದ ಎದುರು ಕಂಚಿನ ಪುತ್ಥಳಿ ನಿಲ್ಲಿಸಬೇಕೆಂದು ಒಂದು ಗುಂಪು, ಹಣವನ್ನು ಕುಟುಂಬಕ್ಕೇ ಕೊಡಬೇಕೆಂದು ಇನ್ನೊಂದು ಗುಂಪು ಹಟ ಹಿಡಿದಿವೆ. ಈ ನಡುವೆ ಗಣರಾಜ್ಯೋತ್ಸವದ ಸನ್ಮಾನಕ್ಕೆ ಯೋಧನ ಹೆಂಡತಿ ಬರಲಿಲ್ಲವೆಂದು ಹಿರಿಯರು ನೊಂದುಕೊಂಡಿದ್ದಾರೆ. ಆಕೆ ಮಗಳೊಂದಿಗೆ ತವರಿನಲ್ಲಿದ್ದಾರೆ, ಅತ್ತೆ ಮಾವ ಊರಿನಲ್ಲಿದ್ದಾರೆ. ಹೀಗಿರುವಾಗ ಗೌರವ ಸಲ್ಲಿಸುವುದು ಹೇಗೆ, ಯಾರಿಗೆ ಎಂದು ಕೇಳಿದ್ದೀರಿ.

ಸನ್ಮಾನದ ಮಾತನ್ನು ಮೊದಲು ಮುಗಿಸೋಣ. ಆ ತಾಯಿ ಬರದೇ ಇದ್ದುದರಲ್ಲಿ ಊರಿಗೆ ಅವಮಾನವಾಗುವಂಥದ್ದು ಏನೂ ಇಲ್ಲ. ವರ್ಷಕ್ಕೆ ಎರಡು ಸಲ ಶಾಲು ಹೊದಿಸಿ, ಗಂಡ ಸತ್ತ ದಿನದ ವಿವರವನ್ನು ಮೈಕಿನಲ್ಲಿ ಮತ್ತೆ ಓದಿ, ಆಕೆಯ ಕಣ್ಣಲ್ಲಿ ನೀರು ಬಂದೊಡನೆ ಮೊಬೈಲ್ ಎತ್ತಿ ಹಿಡಿಯುವ ಸಭೆಗೆ ಯಾರಾದರೂ ಎಷ್ಟು ವರ್ಷ ಬಂದಾರು? ಇನ್ನೊಂದು ಸಂಗತಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ವೇದಿಕೆಯ ಮೇಲೆ ವೀರನಾರಿ ಎಂದು ಕರೆದ ಊರೇ ಮರುವಾರ ಉಡಿ ತುಂಬುವ ಕಾರ್ಯಕ್ರಮಕ್ಕೆ ಮುತ್ತೈದೆಯರನ್ನು ಮಾತ್ರ ಕರೆದು, ಆಕೆಯ ಮನೆಯ ಬಾಗಿಲನ್ನು ದಾಟಿ ಹೋಗುತ್ತದೆ. ನಿಮ್ಮ ಹಿರಿಯರು ನಿಜವಾಗಿಯೂ ಏನಾದರೂ ಬದಲಿಸಲು ಬಯಸುವುದಾದರೆ ಇಲ್ಲಿಂದ ತೊಡಗಬಹುದು. ಇದಕ್ಕೆ ವಂತಿಗೆಯೂ ಬೇಕಿಲ್ಲ.

ಇನ್ನು ಪುತ್ಥಳಿಯ ವಿಚಾರ. ನಾವು ಸ್ಮಾರಕಗಳ ವಿರೋಧಿಗಳಲ್ಲ. ಜುಲೈ 26ರಂದು ಧಾರವಾಡದ ಕಾರ್ಗಿಲ್ ಸ್ತೂಪದ ಮುಂದೆ ನಿಲ್ಲುವ ಮಕ್ಕಳಿಗೆ 1999ರ ಯುದ್ಧ ಪಠ್ಯಪುಸ್ತಕದ ಒಂದು ಸಾಲಾಗಿ ಉಳಿಯದಿರುವುದಕ್ಕೆ ಆ ಸ್ತೂಪವೂ ಒಂದು ಕಾರಣ. ಆದರೆ ನಮ್ಮ ಭಾಗದ ಹೊಲದ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ ಸಿಗುವ ವೀರಗಲ್ಲುಗಳ ಕಾಲದವರು ಕಲ್ಲು ನೆಡುವುದಕ್ಕಷ್ಟೇ ನಿಲ್ಲಲಿಲ್ಲ ಎಂಬುದನ್ನು ನಿಮ್ಮ ಸಮಿತಿ ನೆನೆಯಬೇಕು. ಕಾಳಗದಲ್ಲಿ ಬಿದ್ದವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ದತ್ತಿ ಕೊಟ್ಟದ್ದನ್ನು ಶಾಸನದಲ್ಲಿ ಬರೆಸಿ, ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಕಪಿಲೆ ಹಸುವನ್ನು, ಕೊಂದ ಪಾಪ ತಟ್ಟಲಿ ಎಂದು ಶಾಪವನ್ನೂ ಸೇರಿಸುವುದು ಆ ಕಾಲದ ವಾಡಿಕೆ. ಕೊಡುಗೆ ಬಾಯಿಮಾತಾಗಿ ಉಳಿದರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಕಾಲದ ಕೊಡುಗೆಗಳು ಬಹಳಮಟ್ಟಿಗೆ ಬಾಯಿಮಾತಿನಲ್ಲಿಯೇ ಹುಟ್ಟುತ್ತವೆ. 2016ರ ಫೆಬ್ರುವರಿಯಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮಪಾತಕ್ಕೆ ಸಿಕ್ಕಿ, ಆರು ದಿನಗಳ ಬಳಿಕ ಜೀವಂತವಾಗಿ ದೊರೆತು, 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಇಡೀ ದೇಶ ಹುಬ್ಬಳ್ಳಿಯತ್ತ ನೋಡಿತು. ಅಂಥ ಯಾವುದೇ ಅಂತ್ಯಕ್ರಿಯೆಯಲ್ಲಿ ದುಃಖದ ಬಿಸಿಯಲ್ಲಿ ನಿವೇಶನ, ಜಮೀನು, ನೌಕರಿ ಎಂಬ ಘೋಷಣೆಗಳು ಬರುತ್ತವೆ. ಕೊಡುವವರ ಮನಸ್ಸು ಆ ಹೊತ್ತಿಗೆ ಪ್ರಾಮಾಣಿಕವಾಗಿಯೇ ಇರುತ್ತದೆ. ಆದರೆ ಘೋಷಣೆ ಆದೇಶವಾಗಬೇಕು, ಆದೇಶಕ್ಕೆ ಸಂಖ್ಯೆ ಬೀಳಬೇಕು, ಜಮೀನಿಗೆ ಸರ್ವೆ ನಂಬರ್ ಗೊತ್ತಾಗಿ ಪಹಣಿಯಲ್ಲಿ ಹೆಸರು ಏರಬೇಕು. ಅಷ್ಟರಲ್ಲಿ ಅಧಿಕಾರಿಗಳ ವರ್ಗಾವಣೆಯಾಗಿರುತ್ತದೆ, ಬಂದವರಿಗೆ ಹಿಂದಿನದು ಗೊತ್ತಿರುವುದಿಲ್ಲ. ನಿಮ್ಮೂರ ಯೋಧನ ಅಂತ್ಯಕ್ರಿಯೆಯ ದಿನ ಯಾರು ಏನು ಘೋಷಿಸಿದರು ಎಂಬುದನ್ನು ಪತ್ರಿಕಾ ವರದಿಗಳ ಸಹಿತ ಬರೆದಿಟ್ಟು, ಪ್ರತಿಯೊಂದರ ಆದೇಶದ ಪ್ರತಿಯನ್ನು ಬರವಣಿಗೆಯಲ್ಲಿ ಕೇಳುವ ಕೆಲಸವನ್ನು ನಿಮ್ಮ ಸಮಿತಿ ಮಾಡಿದೆಯೆ? ಪತ್ರದಲ್ಲಿ ಅದರ ಪ್ರಸ್ತಾಪವಿಲ್ಲ.

ಕೇಂದ್ರದಿಂದ ಸಲ್ಲಬೇಕಾದ ಹಣದ ವಿಷಯದಲ್ಲಿ ಊರಿನಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. 'ಆ ಊರಿನವರಿಗೆ ಅಷ್ಟು ಬಂತು, ಇವರಿಗೆ ಇಷ್ಟೇ ಏಕೆ, ಉಳಿದದ್ದನ್ನು ಸೊಸೆ ಮುಚ್ಚಿಟ್ಟಳೆ?' ಎಂಬ ಮಾತು ನಿಮ್ಮಲ್ಲಿಯೂ ಎದ್ದಿದೆಯೆಂದು ಬರೆದಿದ್ದೀರಿ. ಸಾವು ಯಾವ ಸಂದರ್ಭದಲ್ಲಿ ಆಯಿತೆಂದು ಸೇನೆ ನಿರ್ಧರಿಸುತ್ತದೆಯೋ ಅದರ ಮೇಲೆ ಎಲ್ಲವೂ ನಿಂತಿದೆ. 2016ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ ಕರ್ತವ್ಯದಲ್ಲಿನ ಅಪಘಾತಕ್ಕೆ 25 ಲಕ್ಷ ರೂಪಾಯಿ, ಗಡಿ ಘರ್ಷಣೆಗೆ ಅಥವಾ ಗೊತ್ತುಪಡಿಸಿದ ಅತಿ ಎತ್ತರದ ಠಾಣೆಗಳಲ್ಲಿ ಹವಾಮಾನಕ್ಕೆ ಬಲಿಯಾದರೆ 35 ಲಕ್ಷ, ಯುದ್ಧದಲ್ಲಿ ಶತ್ರುವಿನ ದಾಳಿಗೆ 45 ಲಕ್ಷ ಪರಿಹಾರವಿದೆ. ಪಿಂಚಣಿಯ ಅಂತರ ಇನ್ನೂ ದೊಡ್ಡದು. ಸಾವು ಸೇವೆಗೆ ಸಂಬಂಧಿಸಿದ್ದಲ್ಲ ಎಂದಾದರೆ ಮೊದಲ 10 ವರ್ಷ ಕೊನೆಯ ವೇತನದ ಶೇ. 50, ಆಮೇಲೆ ಶೇ. 30, ಸೇವೆಗೆ ಸಂಬಂಧಿಸಿದ್ದೆಂದು ಒಪ್ಪಿದರೆ ಶೇ. 60ರ ವಿಶೇಷ ಕುಟುಂಬ ಪಿಂಚಣಿ. ಕಾರ್ಯಾಚರಣೆಯಲ್ಲಿ ಆದದ್ದೆಂದರೆ ಕೊನೆಯ ವೇತನದಷ್ಟೇ ಮೊತ್ತದ ಉದಾರೀಕೃತ ಕುಟುಂಬ ಪಿಂಚಣಿ. ಒಂದೇ ಹುದ್ದೆಯ ಇಬ್ಬರ ಮನೆಗಳಿಗೆ ಬರುವ ಹಣ ಬೇರೆಯಾಗುವುದು ಇದರಿಂದಲೇ ಹೊರತು ಯಾರ ಕೈಚಳಕದಿಂದಲೂ ಅಲ್ಲ. ನಿರ್ಧಾರ ಸರಿಯಲ್ಲ ಎನಿಸಿದರೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ಆಗದಿದ್ದರೆ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ.

ಇದೆಲ್ಲದಕ್ಕೂ ಮೊದಲೇ ಅರ್ಜಿ ನಿಂತುಬಿಡುವುದು ಹೆಸರಿನ ತೊಡಕಿನಲ್ಲಿ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುವ ವಾಡಿಕೆ ಹಲವು ಮನೆತನಗಳಲ್ಲಿದೆ. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು, ಸೇನೆಯ ಕಡತದಲ್ಲಿ ಯೋಧ ರಜೆಗೆ ಬಂದುಹೋದ ಮೇಲೆ ಬರೆಸಿದ ಮೂರನೆಯದೊಂದು ಹೆಸರು. ಅಡ್ಡಹೆಸರು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇಲ್ಲ. ಮೂವರೂ ಒಬ್ಬಳೇ ಎಂದು ತೋರಿಸಲು ಆ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ತಹಶೀಲ್ದಾರ್ ಕಚೇರಿ, ನೋಟರಿ, ಬ್ಯಾಂಕು ಎಂದು ಅಲೆಯಬೇಕು. ಪ್ರತಿ ವರ್ಷ ಜೀವನ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಮಡಿದ ಯೋಧರ ಮಕ್ಕಳ ಬೋಧನಾ ಶುಲ್ಕವನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ, ತಿಂಗಳಿಗೆ 10,000 ರೂಪಾಯಿ ಎಂಬ ಮಿತಿಯನ್ನೂ 2018ರಲ್ಲಿ ತೆಗೆದರು. ಅದಕ್ಕೂ ಶಾಲೆಯ ರಸೀತಿ, ದೃಢೀಕರಣ ಬೇಕು. ಮಾಸ್ತರರೆ, ನಿಮ್ಮ ಅರ್ಜಿ ಬರೆಯುವ ಕೈ ಊರಿಗೆಲ್ಲ ಪರಿಚಿತ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಆ ಮನೆಯವರ ಜೊತೆ ಹೋಗಿ ಬರುವವರು ನಿಮ್ಮಂಥವರೇ ಆಗಬೇಕು.

ಅತ್ತೆ ಮಾವ ಮತ್ತು ಸೊಸೆಯ ನಡುವಿನ ವಿಷಯ ಸೂಕ್ಷ್ಮವಾದದ್ದು. ಕುಟುಂಬ ಪಿಂಚಣಿಯ ಮೊದಲ ಹಕ್ಕು ಹೆಂಡತಿಯದು. ವಿಮೆಯ ಹಣ ನಾಮನಿರ್ದೇಶನದಂತೆ ಹೋಗುತ್ತದೆ. ಮಗನ ಸಂಬಳವನ್ನೇ ನಂಬಿದ್ದ ಮುದಿಜೀವಗಳಿಗೆ ಇದು ಎರಡನೆಯ ಪೆಟ್ಟು, ಅವರ ಸಂಕಟ ಸುಳ್ಳಲ್ಲ. ಆದರೂ ಪಿಂಚಣಿ ಮನೆಯಲ್ಲೇ ಉಳಿಯಲೆಂದು ಆಕೆಯನ್ನು ಮೈದುನನಿಗೆ ಮದುವೆ ಮಾಡಿಕೊಡುವ ಮಾತು ಪಂಚರ ನಡುವೆ ಬಂದಿದೆ ಎಂದು ನೀವು ಬರೆದದ್ದನ್ನು ಓದಿ ನಮಗೆ ಕಸಿವಿಸಿಯಾಯಿತು. ಶೌರ್ಯ ಪ್ರಶಸ್ತಿಯ ಮಾಸಿಕ ಭತ್ಯೆ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತದೆ ಎಂಬ ಷರತ್ತು ಹಿಂದೆ ಇತ್ತು; 2017ರ ನವೆಂಬರ್‌ನಲ್ಲಿ ರಕ್ಷಣಾ ಸಚಿವಾಲಯವೇ ಅದನ್ನು ತೆಗೆದುಹಾಕಿತು. ಸರ್ಕಾರ ಬಿಟ್ಟುಕೊಟ್ಟದ್ದನ್ನು ಊರು ಹಿಡಿದುಕೊಳ್ಳಬಾರದು. ಮರುಮದುವೆಯ ನಂತರ ಪಿಂಚಣಿ ಏನಾಗುತ್ತದೆ ಎಂಬುದು ಮಕ್ಕಳ ಪಾಲನೆಯಂಥ ಸಂಗತಿಗಳನ್ನು ಅವಲಂಬಿಸಿರುವುದರಿಂದ ಅದನ್ನು ಇಲಾಖೆಯಿಂದಲೇ ಬರವಣಿಗೆಯಲ್ಲಿ ತಿಳಿದುಕೊಳ್ಳಬೇಕು. ಮದುವೆಯಾಗುವುದು, ಬಿಡುವುದು, ತವರಿನಲ್ಲಿ ಇರುವುದು ಆಕೆಗೆ ಬಿಟ್ಟದ್ದು.

ಗದಗ, ಹಾವೇರಿಯ ಮೈದಾನಗಳಲ್ಲಿ ಸೇನೆ ಸೇರಲೆಂದು ನಸುಕಿನಲ್ಲೇ ಓಡುವ ಹುಡುಗರ ಮನೆಯವರಿಗೂ ಒಂದು ಮಾತು. 2022ರಿಂದ ಜಾರಿಯಲ್ಲಿರುವ ಅಗ್ನಿಪಥ ಯೋಜನೆಯಲ್ಲಿ ಸೇನೆ ಸೇರುವ ಅಗ್ನಿವೀರರಿಗೆ 48 ಲಕ್ಷ ರೂಪಾಯಿಯ ವಿಮೆಯೂ, ಸೇವಾಸಂಬಂಧಿ ಸಾವಿಗೆ 44 ಲಕ್ಷದ ಪರಿಹಾರವೂ ಇವೆ. ಕುಟುಂಬಕ್ಕೆ ತಿಂಗಳ ಪಿಂಚಣಿ ಇಲ್ಲ. ಒಟ್ಟಾಗಿ ಬಂದ ಹಣ ಬಂಧುಗಳ ಸಾಲಕ್ಕೆ, ಮನೆಯ ಸ್ಲ್ಯಾಬಿಗೆ ಎಂದು ಬೇಗ ಕರಗುತ್ತದೆ. ಹಾಗಾಗಿ ಅಂಥ ಮನೆಗೆ ಊರಿನ ವಿವೇಕದ ನೆರವು ಇನ್ನೂ ಹೆಚ್ಚು ಬೇಕಾಗುತ್ತದೆ.

ನಿಮ್ಮ ಸಮಿತಿಗೆ ನಮ್ಮ ಸಲಹೆ ಇಷ್ಟು. ಪುತ್ಥಳಿಯ ಯೋಜನೆಯನ್ನು ಸದ್ಯಕ್ಕೆ ಬದಿಗಿಡಿ. ಸಮಿತಿಯ ಇಬ್ಬರು ಹೆಣ್ಣುಮಕ್ಕಳನ್ನು ಮುಂದಿಟ್ಟುಕೊಂಡು ಆಕೆಯ ತವರಿಗೂ ಯೋಧನ ತಂದೆ ತಾಯಿಯ ಮನೆಗೂ ಬೇರೆಬೇರೆಯಾಗಿ ಹೋಗಿ, ಯಾವ ಹಣ ಬಂದಿದೆ, ಯಾವ ಅರ್ಜಿ ಎಲ್ಲಿ ನಿಂತಿದೆ, ಊರಿನಿಂದ ಏನಾಗಬೇಕು ಎಂದು ಕೇಳಿ. ಏನೂ ಬೇಡವೆಂದರೆ ಅದನ್ನೂ ಒಪ್ಪಿಕೊಳ್ಳಿ. ಕೂಡಿದ ಹಣದ ದೊಡ್ಡ ಪಾಲನ್ನು ಮಗಳ ಹೆಸರಿನಲ್ಲಿ ಠೇವಣಿ ಇಡಬಹುದು, ಒಂದು ಪಾಲು ಆ ಹಿರಿಯರ ಔಷಧೋಪಚಾರಕ್ಕೆ ಇರಲಿ. ಉಳಿದದ್ದರಲ್ಲಿ ಶಾಲೆಯ ಅಂಗಳದಲ್ಲಿ ಹೆಸರು ಕೆತ್ತಿದ ಕಲ್ಲೊಂದನ್ನು ನಿಲ್ಲಿಸುವುದಾದರೆ ಹೆಸರು, ದಿನಾಂಕ, ರೆಜಿಮೆಂಟಿನ ವಿವರಗಳನ್ನು ಕೆತ್ತಿಸುವ ಮುನ್ನ ಮನೆಯವರಿಗೆ ತೋರಿಸಿ. ದಾನಿಗಳ ಪಟ್ಟಿ ಆ ಕಲ್ಲಿನ ಮೇಲೆ ಬೇಡ. 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ನಡೆಯುತ್ತಿರುವ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆಗೆ ನೀವು ಶಾಲೆಯಲ್ಲಿ ಧ್ವಜ ಹಂಚಿದವರು. ಆ ದಿನವನ್ನೇ ಗೊತ್ತುಮಾಡಿಕೊಂಡು ವರ್ಷಕ್ಕೊಮ್ಮೆ ಈ ಮನೆಯ ಕಡತವನ್ನು ತೆರೆದು ನೋಡಿದರೆ ಬಾಕಿ ಉಳಿದದ್ದು ಕಣ್ಣಿಗೆ ಬೀಳುತ್ತದೆ.

ಪತ್ರವನ್ನು ಯೋಧನ ಭಾವಚಿತ್ರದೊಂದಿಗೆ ಪ್ರಕಟಿಸಬೇಕೆಂದು ಕೋರಿದ್ದೀರಿ. ಊರಿನ ಹೆಸರನ್ನೂ ಕುಟುಂಬದ ಹೆಸರನ್ನೂ ತೆಗೆದಿದ್ದೇವೆ. ಮನೆಯವರು ಒಪ್ಪಿ ಬರೆದರೆ ಭಾವಚಿತ್ರವನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ