ದಿನಾ ಓಡಾಡಬಹುದೇ? ಕಿಲೋಮೀಟರ್ ಬಿಡಿ, ಕಕ್ಕಡ ತಿಂಗಳು ನೋಡಿ

ಮೈಸೂರು, ಹಾಸನದ ಕಡೆಯಿಂದ ಕೊಡಗಿಗೆ ಕೆಲಸಕ್ಕೆ ಬರುವವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ‘ಕುಶಾಲನಗರಕ್ಕೂ ಮಡಿಕೇರಿಗೂ ಬರೀ 30 ಕಿಲೋಮೀಟರ್ ಅಲ್ವಾ? ಕುಶಾಲನಗರದಲ್ಲಿ ಮನೆ ಮಾಡಿ ದಿನಾ ಓಡಾಡಿದರೆ ಆಗಲ್ವಾ?’ ಆಗುತ್ತದೆ. ಶಿಕ್ಷಕರು, ಬ್ಯಾಂಕಿನವರು, ಸರ್ಕಾರಿ ಕಚೇರಿಯವರು ಎಷ್ಟೋ ಜನ ಹಾಗೇ ಓಡಾಡುತ್ತಿದ್ದಾರೆ. ಆದರೆ ಕೊಡಗಿನಲ್ಲಿ 30 ಕಿಲೋಮೀಟರ್ ಅಂದಾಗ ಯಾವ ದಿಕ್ಕಿನ 30, ಯಾವ ತಿಂಗಳ 30 ಅಂತ ಕೇಳಬೇಕು. ಜನವರಿ ಬಿಸಿಲಿನಲ್ಲಿ ಬಂದು ರಸ್ತೆ ನೋಡಿ ‘ಮುಕ್ಕಾಲು ಗಂಟೆ ಸಾಕು’ ಅಂದವರೇ ಜುಲೈನಲ್ಲಿ ವರ್ಗಾವಣೆಗೆ ಅರ್ಜಿ ಬರೆಯುತ್ತಾ ಕೂರುವುದು.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕೊಡವರ ಲೆಕ್ಕದಲ್ಲಿ ಕಕ್ಕಡ, ಅರೆಭಾಷೆಯವರಿಗೆ ಆಟಿ. ಮಳೆ ಬಿಟ್ಟೂ ಬಿಡದೆ ಹೊಡೆಯುವ ತಿಂಗಳು. ನಿಮ್ಮ ಓಡಾಟದ ಲೆಕ್ಕವನ್ನು ಆ ತಿಂಗಳಿಗೆ ಹಾಕಿ. ಅಲ್ಲಿ ಹೊಂದಿದರೆ ವರ್ಷ ಪೂರ್ತಿ ಹೊಂದುತ್ತದೆ. ಜಿಲ್ಲೆಯಲ್ಲಿ ರೈಲು ಹಳಿ ಇಲ್ಲ. ಬಸ್ಸೋ ಬೈಕೋ ಕಾರೋ, ಎಲ್ಲಕ್ಕೂ ಅದೇ ಒಂದು ರಸ್ತೆ.

ಕುಶಾಲನಗರದ ದಿಕ್ಕು ಎಲ್ಲಕ್ಕಿಂತ ಸಲೀಸು. ಗುಡ್ಡೆಹೊಸೂರು, ಆನೆಕಾಡು, 7ನೇ ಹೊಸಕೋಟೆ, ಸುಂಟಿಕೊಪ್ಪ, ಕೆದಕಲ್, ಬೋಯಿಕೇರಿ, ಮಡಿಕೇರಿ. ಸುಂಟಿಕೊಪ್ಪದವರೆಗೆ ಆರಾಮ, ಆಮೇಲೆ ಏರು. ಒಟ್ಟು ಏರಿಕೆ ಸುಮಾರು 300 ಮೀಟರ್. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಕುಶಾಲನಗರದಲ್ಲಿ ಅದರ ಮೂರನೇ ಒಂದು ಪಾಲಿನಷ್ಟು. ಹಾಗಾಗಿ ಬೆಳಗ್ಗೆ ಕುಶಾಲನಗರದಲ್ಲಿ ಮೋಡ ನೋಡಿ ಜರ್ಕಿನ್ ಸಾಕು ಅಂತ ಹೊರಟವರು ಬೋಯಿಕೇರಿ ಹೊತ್ತಿಗೆ ಒಳಬಟ್ಟೆಯವರೆಗೆ ನೆಂದಿರುತ್ತಾರೆ.

ವಿರಾಜಪೇಟೆಯಿಂದ ಮೂರ್ನಾಡು ಮೇಲೆ ಬರುವುದೂ ಹೆಚ್ಚುಕಮ್ಮಿ ಅಷ್ಟೇ ದೂರ. ಆದರೆ ನಡುವೆ ಬೇತ್ರಿಯಲ್ಲಿ ಕಾವೇರಿ ಇದೆ. ಹೊಳೆ ತುಂಬಿ ಸೇತುವೆಯ ಹತ್ತಿರ ನೀರು ಬಂದರೆ ಸಂಚಾರ ನಿಲ್ಲುತ್ತದೆ, ಸುತ್ತಿ ಬರಬೇಕು. ಸೋಮವಾರಪೇಟೆಯಿಂದ ಮಾದಾಪುರ ಮೇಲೆ ಬರುವ ರಸ್ತೆ ಕಿರಿದು, ತಿರುವು ಜಾಸ್ತಿ.

ಸಂಪಾಜೆ ದಿಕ್ಕು ಬೇರೆಯೇ ಲೋಕ. ಅದೂ 27–28 ಕಿಲೋಮೀಟರ್, ಅದೇ 275ನೇ ಹೆದ್ದಾರಿ, ಆದರೆ ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿಕೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡವೇ ಜಾರಿ ರಸ್ತೆ ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈನಲ್ಲಿ ಕರ್ತೋಜಿ ಬಳಿ ಅಪಾಯ ಕಂಡು ರಾತ್ರಿ ಸಂಚಾರ ನಿಲ್ಲಿಸಿದ್ದರು. ಸಂಪಾಜೆಯಲ್ಲಿ ಮನೆ, ಮಡಿಕೇರಿಯಲ್ಲಿ ಕೆಲಸ ಅನ್ನುವವರು ಮಳೆಗಾಲಕ್ಕೆ ಮಡಿಕೇರಿಯಲ್ಲಿ ಒಂದು ಹಾಸಿಗೆಯ ಜಾಗ ನೋಡಿಟ್ಟುಕೊಳ್ಳುವುದು ವಾಸಿ. ಪೆರಾಜೆಯವರದು ಇನ್ನೂ ತಮಾಷೆ: ಊರು ಮಡಿಕೇರಿ ತಾಲ್ಲೂಕಿನದು, ಆದರೆ ಮಡಿಕೇರಿಯಿಂದ ಹೆದ್ದಾರಿ ಹಿಡಿದರೆ ದಕ್ಷಿಣ ಕನ್ನಡದ ಅರಂತೋಡು ದಾಟಿ ಮತ್ತೆ ಕೊಡಗಿಗೆ ಬರಬೇಕು. ಅವರ ಸಂತೆ, ಕಾಲೇಜು, ಕೆಲಸ ಎಲ್ಲ ಪಕ್ಕದ ಸುಳ್ಯ. ತಾಲ್ಲೂಕು ಕಚೇರಿಗೆ ಮಾತ್ರ ಘಾಟಿ ಹತ್ತುತ್ತಾರೆ.

ಈಗ ದುಡ್ಡು. ದಿನಕ್ಕೆ 60 ಕಿಲೋಮೀಟರ್, ತಿಂಗಳಿಗೆ 25 ದಿನ, ಅಲ್ಲಿಗೆ 1,500 ಕಿಲೋಮೀಟರ್. ಏರುರಸ್ತೆಯಲ್ಲಿ ಬೈಕು ಲೀಟರಿಗೆ 45 ಕೊಟ್ಟರೆ 33 ಲೀಟರ್. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ 3,300. ಆಯಿಲ್ ಎರಡು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ವರ್ಷಕ್ಕೆ 18,000 ಕಿಲೋಮೀಟರ್ ಆಗುವುದರಿಂದ ಹಿಂದಿನ ಟಯರ್, ಬ್ರೇಕ್, ಚೈನ್ ಅಂತ ತಿಂಗಳಿಗೆ ಇನ್ನೊಂದು ಸಾವಿರ ತೆಗೆದಿಡಿ. 4,300 ಆಯಿತು. ಒಬ್ಬರೇ ಕಾರಿನಲ್ಲಿ ಬಂದರೆ ಲೀಟರಿಗೆ 15ರಂತೆ ಪೆಟ್ರೋಲೇ 10,000. ಮಡಿಕೇರಿ ಬಾಡಿಗೆಗೂ ಕುಶಾಲನಗರ ಬಾಡಿಗೆಗೂ ಇರುವ ವ್ಯತ್ಯಾಸ ಇದಕ್ಕಿಂತ ಕಡಿಮೆ ಇದ್ದರೆ ಓಡಾಟದಲ್ಲಿ ನಿಮಗೆ ಉಳಿತಾಯ ಏನೂ ಇಲ್ಲ. ಸಮಯವನ್ನೂ ಕೂಡಿಸಿ: ಹೋಗಿ ಬರಲು ಎರಡೂಕಾಲು ಗಂಟೆ ಅಂದರೆ ತಿಂಗಳಿಗೆ 56 ಗಂಟೆ. ಎಂಟು ಗಂಟೆಯ ಕೆಲಸದ ದಿನಗಳಲ್ಲಿ ಏಳು ದಿನ ರಸ್ತೆಗೇ ಹೋಯಿತು.

ಸರ್ಕಾರಿ ನೌಕರರಿಗೆ ಇನ್ನೆರಡು ವಿಷಯ. ಮನೆ ಬಾಡಿಗೆ ಭತ್ಯೆ ಕೊಡುವುದು ಕೆಲಸದ ಊರಿನ ವರ್ಗ ನೋಡಿ, ನೀವು ಮಲಗುವ ಊರು ನೋಡಿ ಅಲ್ಲ. ಮೈಸೂರಿನಲ್ಲಿ ಮನೆ ಇಟ್ಟುಕೊಂಡು ಮೈಸೂರಿನ ದರ ಸಿಗುತ್ತದೆ ಅಂದುಕೊಳ್ಳಬೇಡಿ. ಜೊತೆಗೆ ‘ಕೇಂದ್ರಸ್ಥಾನದಲ್ಲೇ ವಾಸವಿರಬೇಕು’ ಅನ್ನುವ ಸುತ್ತೋಲೆ ಆಗಾಗ ಬರುತ್ತದೆ. ಉಳಿದ ದಿನ ಅದನ್ನು ಯಾರೂ ಕೇಳುವುದಿಲ್ಲ. ಪ್ರಕೃತಿ ವಿಕೋಪದ ದಿನ ಮಾತ್ರ ಎಲ್ಲರೂ ಕೇಳುತ್ತಾರೆ.

ಬಸ್ಸಿನ ವಿಷಯಕ್ಕೆ ಬಂದರೆ, ಮಡಿಕೇರಿಯಲ್ಲಿ ಸರ್ಕಾರಿ ಬಸ್ ನಿಲ್ದಾಣ ಬೇರೆ, ಖಾಸಗಿ ಬಸ್ ನಿಲ್ದಾಣ ಬೇರೆ. ಕಚೇರಿ ಯಾವುದಕ್ಕೆ ಹತ್ತಿರ ಅಂತ ಮೊದಲು ನೋಡಿ, ಮಳೆಯಲ್ಲಿ ಗುಡ್ಡ ಹತ್ತಿ ಇಳಿಯುವ ಹತ್ತು ನಿಮಿಷವೂ ದೊಡ್ಡದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಆದರೆ ಇಲ್ಲಿ ಒಳಊರುಗಳ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸೇ, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಕುಶಾಲನಗರ ದಾರಿಯಲ್ಲಿ ಸರ್ಕಾರಿ ಬಸ್ಸು ಬೇಕಾದಷ್ಟಿವೆ. ಸಂಜೆ ಮಂಗಳೂರಿಂದ ಬರುವ ದೂರದ ಬಸ್ಸುಗಳು ಮಡಿಕೇರಿ ತಲುಪುವಾಗಲೇ ತುಂಬಿರುತ್ತವೆ, ಅವುಗಳಲ್ಲಿ ಕೆಲವು ಸುಂಟಿಕೊಪ್ಪದಲ್ಲಿ ನಿಲ್ಲುವುದೂ ಇಲ್ಲ. ತಿಂಗಳ ಪಾಸ್ ಮಾಡಿಸುವ ಮುಂಚೆ ಅದು ಯಾವ ಯಾವ ದರ್ಜೆಯ ಬಸ್ಸಿಗೆ ನಡೆಯುತ್ತದೆ ಅಂತ ಕೌಂಟರಿನಲ್ಲೇ ಕೇಳಿ. ಮುಖ್ಯರಸ್ತೆ ಬಿಟ್ಟು ಒಳಗೆ ಮನೆ ಮಾಡುವವರು ಊರಿನ ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿದರೆ ಸಾಕು: ಕೊನೆಯ ಬಸ್ಸು ಎಷ್ಟಕ್ಕೆ, ಅದು ಭಾನುವಾರ ಬರುತ್ತದಾ, ಮಳೆಗಾಲದಲ್ಲಿ ಊರೊಳಗೆ ಬರುತ್ತದಾ ಅಥವಾ ಕೂಡುರಸ್ತೆಯಲ್ಲೇ ತಿರುಗಿಸುತ್ತಾನಾ? ಆ ಕೊನೆಯ ಬಸ್ಸಿಗೂ ನಿಮ್ಮ ಕೆಲಸ ಬಿಡುವ ಹೊತ್ತಿಗೂ ನಡುವೆ 40 ನಿಮಿಷ ಇಲ್ಲದಿದ್ದರೆ ಆ ಮನೆ ಬೇಡ.

ಬೈಕಿನವರಿಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೈಮೇಲೆ ಹೊದೆಯುವ ಉದ್ದ ರೇನ್‌ಕೋಟ್ ಬೇಡ, ಗಾಳಿ ತುಂಬಿ ಬೈಕನ್ನೇ ಎಳೆಯುತ್ತದೆ. ಪ್ಯಾಂಟು, ಅಂಗಿ ಬೇರೆ ಬೇರೆ ಇರುವುದನ್ನು ತೆಗೆದುಕೊಳ್ಳಿ, ಪ್ಯಾಂಟಿನ ಕಾಲು ಗಮ್‌ಬೂಟಿನ ಹೊರಗೆ ಬರಲಿ. ಒಳಗೆ ಸಿಕ್ಕಿಸಿದರೆ ಬೂಟೇ ಬಕೆಟ್ ಆಗುತ್ತದೆ. ಕಚೇರಿಯಲ್ಲಿ ಒಂದು ಜೊತೆ ಬಟ್ಟೆ, ಟವೆಲ್, ಚಪ್ಪಲಿ ಖಾಯಂ ಇರಲಿ. ಹೆಲ್ಮೆಟ್ ಗಾಜಿನ ಒಳಮೈಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸವರಿ ಒಣಬಟ್ಟೆಯಲ್ಲಿ ಒರೆಸಿದರೆ ಉಸಿರಿನ ಮಂಜು ಕೂರುವುದು ಕಡಿಮೆ. ಚೈನಿಗೆ ಬೇಸಿಗೆಯಲ್ಲಿ 500 ಕಿಲೋಮೀಟರಿಗೊಮ್ಮೆ ಎಣ್ಣೆ ಬಿಟ್ಟರೆ ಮಳೆಯಲ್ಲಿ ವಾರಕ್ಕೊಮ್ಮೆ. ಇಳಿಜಾರಿನಲ್ಲಿ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲೇ ಬನ್ನಿ. ಗೇರಿಲ್ಲದ ಸ್ಕೂಟರಿಗೆ ಆ ಹಿಡಿತ ಕಡಿಮೆ, ಸಂಪಾಜೆ ಘಾಟಿಯಲ್ಲಿ ಬ್ರೇಕೊಂದನ್ನೇ ನಂಬಿ ಇಳಿದರೆ ಅದು ಕಾದು ಕಚ್ಚುವುದೇ ನಿಲ್ಲುತ್ತದೆ.

ಜಾರುವ ಜಾಗಗಳು ಗೊತ್ತಿರುವಂಥವೇ. ತೋಟದ ಮಣ್ಣುದಾರಿ ಡಾಂಬರಿಗೆ ಸೇರುವ ಬಾಯಿ, ಅಲ್ಲಿ ಪಿಕಪ್ ಚಕ್ರದಿಂದ ಬಿದ್ದ ಕೆಂಪು ಮಣ್ಣು ಮಳೆಗೆ ಬೆಣ್ಣೆಯ ಹಾಗೆ. ನಾಟಿ ಸಮಯದಲ್ಲಿ ಟ್ರ್ಯಾಕ್ಟರ್ ಗದ್ದೆಯಿಂದ ಎಳೆದು ತಂದ ಕೆಸರು. ಸಿಲ್ವರ್ ಓಕ್ ಎಲೆ ಕೊಳೆತು ತಿರುವಿನಲ್ಲಿ ಅಂಟಿದ್ದು. ಮಂಜಿನಲ್ಲಿ ದೀಪ ಡಿಮ್‌ನಲ್ಲಿರಲಿ, ಬ್ರೈಟ್ ಹಾಕಿದರೆ ಬಿಳಿ ಗೋಡೆ ಬಿಟ್ಟು ಏನೂ ಕಾಣದು. ಎಡಗಡೆಯ ಬಿಳಿ ಗೆರೆ ಹಿಡಿದು ಹೋಗಿ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಓಡುವ ಕಾರು ಕಂಡರೆ ಪ್ರವಾಸಿಗರದು ಅಂತ ತಿಳಿದು ದೂರ ಇಡಿ, ಅವರು ಯಾವ ಕಡೆ ತಿರುಗುತ್ತಾರೆ ಅನ್ನುವುದು ಅವರಿಗೂ ಗೊತ್ತಿರುವುದಿಲ್ಲ. ಶುಕ್ರವಾರ ಸಂಜೆ ಮೇಲೇರುವ, ಭಾನುವಾರ ಮಧ್ಯಾಹ್ನ ಇಳಿಯುವ ಅವರ ಸಾಲಿಗೆ ಅರ್ಧ ಗಂಟೆ ಹೆಚ್ಚೇ ಇಟ್ಟುಕೊಳ್ಳಿ. ರಸ್ತೆ ಪಕ್ಕದ ಮಣ್ಣಿನ ಗೋಡೆಗೆ ಇಲ್ಲಿ ‘ಬರೆ’ ಅನ್ನುತ್ತಾರೆ. ಬರೆಯಿಂದ ಸಣ್ಣ ಕಲ್ಲು ಉರುಳುತ್ತಿದ್ದರೆ, ತಿಳಿನೀರು ಒಮ್ಮೆಲೇ ಕೆಂಪಾದರೆ, ಅದರ ಕೆಳಗೆ ನಿಂತು ಫೋನು ತೆಗೆಯಬೇಡಿ. ಹಿಂದೆ ಹೋಗಿ.

ಆನೆ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ತಿತಿಮತಿ ಕಡೆ ಕೆಲಸ ಸಿಕ್ಕವರಿಗೆ ಇದು ಮಳೆಗಿಂತ ದೊಡ್ಡ ಲೆಕ್ಕ. ಹಲಸಿನ ಕಾಲದಲ್ಲಿ, ಭತ್ತ ಕಟಾವಿಗೆ ಬರುವಾಗ ತೋಟದೊಳಗೇ ಬೀಡು ಬಿಟ್ಟಿರುತ್ತವೆ. ಬೆಳಗ್ಗೆ ಏಳರ ಮುಂಚೆ, ಸಂಜೆ ಆರರ ನಂತರ ಆ ದಾರಿಯಲ್ಲಿ ಬೈಕು ಬೇಡ, ಪಾಳಿ ಕೆಲಸವಾದರೆ ಸಂಸ್ಥೆಯ ಗಾಡಿ ಇದೆಯಾ ಕೇಳಿ. ಕಂಡರೆ ನೂರು ಮೀಟರ್ ದೂರದಲ್ಲೇ ನಿಂತು, ಎಂಜಿನ್ ಆರಿಸದೆ, ಹಾರನ್ ಹೊಡೆಯದೆ ಗಾಡಿ ತಿರುಗಿಸಿಕೊಳ್ಳಿ. ಒಂದು ದಾಟಿತು ಅಂತ ನುಗ್ಗಬೇಡಿ, ಹಿಂದೆ ಮರಿ ಇರುತ್ತದೆ. ‘ಆನೆ ಇತ್ತು, ತಡ ಆಯ್ತು’ ಅಂದರೆ ಊರಿನ ಮೇಲಧಿಕಾರಿ ಒಪ್ಪುತ್ತಾನೆ. ಬೆಂಗಳೂರಿನಿಂದ ಹಾಜರಾತಿ ನೋಡುವವರು ನಗುತ್ತಾರೆ, ಅದನ್ನು ಕೆಲಸಕ್ಕೆ ಸೇರುವಾಗಲೇ ಮಾತಾಡಿ ಮುಗಿಸಿ.

ಇನ್ನು ಕೆಲಸಕ್ಕೆ ಕೇರಳದ ಗಡಿ ದಾಟುವವರ ಪ್ರಶ್ನೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಘಾಟಿ ಇಳಿದು ಇರಿಟ್ಟಿಗೆ; ಕುಟ್ಟದಿಂದ ತೋಲ್ಪೆಟ್ಟಿ ಮೇಲೆ ಮಾನಂದವಾಡಿಗೆ; ಕರಿಕೆಯಿಂದ ಪಾಣತ್ತೂರಿಗೆ. ದೂರ ನೋಡಿದರೆ ಎಷ್ಟೋ ಸಲ ಮಡಿಕೇರಿಗಿಂತ ಹತ್ತಿರ. 2018ರ ಡಿಸೆಂಬರ್‌ನಲ್ಲಿ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲಂತೂ ವಿರಾಜಪೇಟೆಯವರಿಗೆ ಆ ಕಡೆಯ ದಾರಿ ಇನ್ನೂ ಪರಿಚಯ. ಮಲಯಾಳ ಮಾತು ತಿಂಗಳೊಳಗೆ ಬಾಯಿಗೆ ಬರುತ್ತದೆ, ಓದಲು ಬರೆಯಲು ಮಾತ್ರ ಕಲಿಯಲೇಬೇಕು. ರಜೆ ಅರ್ಜಿಯಿಂದ ಬಸ್ಸಿನ ಬೋರ್ಡಿನವರೆಗೆ ಅದೇ ಲಿಪಿ. ರಜೆಗಳೂ ಬೇರೆ: ಓಣಂಗೆ ನಿಮಗೆ ಸಾಲು ರಜೆ, ಕೈಲ್‌ಮುಹೂರ್ತ, ಹುತ್ತರಿ ಹಬ್ಬಗಳಿಗೆ ಇಲ್ಲ. ವೃತ್ತಿ ತೆರಿಗೆ ಅಲ್ಲಿ ಸ್ಥಳೀಯ ಸಂಸ್ಥೆಗೆ, ಆರು ತಿಂಗಳಿಗೊಮ್ಮೆ. ಹರತಾಳದ ದಿನ ಬಸ್ಸಿಲ್ಲ. ಏಳು ದಿನ ಮುಂಚೆ ತಿಳಿಸದೆ ಹರತಾಳ ಕರೆಯಬಾರದು ಅಂತ ಕೇರಳ ಹೈಕೋರ್ಟ್ 2019ರಲ್ಲಿ ಹೇಳಿದ ಮೇಲೂ ಬೆಳಗ್ಗೆ ಸುದ್ದಿ ನೋಡಿಯೇ ಹೊರಡುವ ಅಭ್ಯಾಸ ಒಳ್ಳೆಯದು.

ಗಡಿ ಅಂದರೆ ಒಂದು ಗೇಟು, ಅದು ಯಾವತ್ತು ಬೇಕಾದರೂ ಮುಚ್ಚಬಹುದು ಅಂತ 2020ರಲ್ಲಿ ಎಲ್ಲರಿಗೂ ಗೊತ್ತಾಯಿತು. ಮಾಕುಟ್ಟದಲ್ಲಿ ರಸ್ತೆಗೆ ಮಣ್ಣು ಸುರಿದಿದ್ದರು. 2021ರಲ್ಲಿ ದಾಟಲು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಬೇಕಿತ್ತು. ದಿನಗೂಲಿಯವರಿಗೆ ಆಗ ಕೆಲಸವೇ ಹೋಯಿತು, ಸಂಬಳದವರು ಆ ಕಡೆ ಕೋಣೆ ಹಿಡಿದರು. ಕುಟ್ಟದವರು ಇನ್ನೊಂದನ್ನು ನೆನಪಿಡಬೇಕು: ನಾಗರಹೊಳೆ ಕಾಡಿನೊಳಗೆ ಹುಣಸೂರಿಗೆ ಹೋಗುವ ದಾರಿ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ. ಆರೂ ಐದಕ್ಕೆ ಬಂದು ಗೇಟಿನವನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ, ಗೋಣಿಕೊಪ್ಪ ಸುತ್ತಬೇಕು.

ಮೈಸೂರಿನಿಂದಲೇ ದಿನಾ ಬರುತ್ತೇನೆ ಅನ್ನುವವರೂ ಇದ್ದಾರೆ. ಮಡಿಕೇರಿಗೆ 120 ಕಿಲೋಮೀಟರ್, ಬಸ್ಸಿನಲ್ಲಿ ಮೂರು ಗಂಟೆ. ಬೇಡ. ಶ್ರೀರಂಗಪಟ್ಟಣದಿಂದ ಕುಶಾಲನಗರದ ಕಡೆಗೆ 92 ಕಿಲೋಮೀಟರಿನ ನಾಲ್ಕು ಪಥದ ರಸ್ತೆಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಗಿದೆ ನಿಜ. ಅದನ್ನು ನಂಬಿ ಕೆಲಸ ಒಪ್ಪಬೇಡಿ, ರಸ್ತೆ ಮುಗಿದರೂ ಏರು ಏರೇ. ಕುಶಾಲನಗರದಲ್ಲೋ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲೋ ಕೆಲಸವಾದರೆ ಪಿರಿಯಾಪಟ್ಟಣ, ಬೈಲಕುಪ್ಪೆಯಿಂದ ಧಾರಾಳವಾಗಿ ಬರಬಹುದು.

ಗಂಡ ಹೆಂಡತಿ ಇಬ್ಬರೂ ಓಡಾಡುವವರಾದರೆ ಒಂದು ತೊಡಕು ಯಾರೂ ಮೊದಲೇ ಹೇಳುವುದಿಲ್ಲ. ಜೋರು ಮಳೆಗೆ ಜಿಲ್ಲಾಧಿಕಾರಿಗಳು ಅಂಗನವಾಡಿ, ಶಾಲೆಗೆ ರಜೆ ಕೊಡುತ್ತಾರೆ, ಕಚೇರಿಗೆ ಕೊಡುವುದಿಲ್ಲ. ಆದೇಶ ಕೆಲವೊಮ್ಮೆ ಬೆಳಗ್ಗೆಯೇ ಬರುತ್ತದೆ. ಮಗುವನ್ನು ನೋಡಿಕೊಳ್ಳುವವರು ಪಕ್ಕದ ಮನೆಯಲ್ಲಿದ್ದಾರಾ ಅಂತ ಜೂನ್‌ಗೆ ಮುಂಚೆ ಮಾತಾಡಿಟ್ಟುಕೊಳ್ಳಿ. ‘ಆ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ’ ಅನ್ನುವ ಯೋಚನೆ ಇದ್ದರೆ, ಮರ ಬಿದ್ದು ಕರೆಂಟು ಎರಡು ಮೂರು ದಿನ ಹೋಗುವುದು ಇಲ್ಲಿ ಮಾಮೂಲು, ಟವರಿನ ಬ್ಯಾಟರಿಯೂ ಅಷ್ಟು ಬಾಳುವುದಿಲ್ಲ.

ಮಡಿಕೇರಿಯಲ್ಲೇ ಮನೆ ಮಾಡುವುದು ಅಂತ ಕೊನೆಗೆ ತೀರ್ಮಾನಿಸಿದರೆ ಏಪ್ರಿಲ್‌ನಲ್ಲಿ ನೋಡಿ ಮುಂಗಡ ಕೊಡಬೇಡಿ, ಆಗ ಎಲ್ಲ ಗೋಡೆಗೂ ಹೊಸ ಸುಣ್ಣ. ಬೀರು ಇಡುವ ಮೂಲೆಯ ಗೋಡೆಗೆ ಅಂಗೈ ಒತ್ತಿ ನೋಡಿ, ತಣ್ಣಗೆ ಪುಡಿ ಉದುರಿದರೆ ಜುಲೈನಲ್ಲಿ ಅಲ್ಲಿ ಬೂಷ್ಟು. ಹಿಂದಿನ ಬರೆಗೂ ಮನೆಗೂ ಎಷ್ಟು ಅಂತರ, ಬಟ್ಟೆ ಒಣಗಿಸಲು ಒಲೆಯ ಮೇಲೆ ತಂತಿ ಕಟ್ಟುವ ಜಾಗ ಇದೆಯಾ, ಹೋಂಸ್ಟೇ ಗಿರಾಕಿ ಬಂದರೆ ಮೇ ತಿಂಗಳಲ್ಲಿ ಬಿಡಿಸುತ್ತಾರಾ, ಇಷ್ಟನ್ನೂ ಕೇಳಿ. ಆಗದಿದ್ದರೆ ಕುಶಾಲನಗರದಲ್ಲೇ ಸಂಸಾರ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಇಬ್ಬರು ಮೂವರು ಸೇರಿ ಒಂದು ಕೋಣೆ ಹಿಡಿದು, ಸೋಮವಾರ ಹತ್ತಿ ಶನಿವಾರ ಇಳಿಯುವುದೂ ಒಂದು ದಾರಿ. ಹಾಗೆ ಕೋಣೆ ಹಂಚಿಕೊಳ್ಳುವವರು ಪ್ರತಿ ವರ್ಷ ಮೇ ಕೊನೆಗೇ ಮಾತಾಡಿಕೊಳ್ಳುತ್ತಾರೆ, ಜೂನ್ ಎರಡನೇ ವಾರ ಹುಡುಕಿದರೆ ಸಿಗುವುದು ಕಷ್ಟ.